ರೋಣಗಲ್ಲು ಮನೆಗೆ ಬಂದ ದಿನ

ಬಿಸಿ ಡಾಂಬರಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಗುಡೇಮಾರನಹಳ್ಳಿಯ ನಮ್ಮ ಕಣ ನೆನಪಾಗುತ್ತದೆ. ಸಗಣಿ ಸಾರಿಸಿದ ಕಣಕ್ಕೂ ಡಾಂಬರಿಗೂ ಏನು ಸಂಬಂಧ ಅನ್ನುತ್ತೀರಾ? ಕಾರ್ಖಾನೆಗೆಂದು ನಮ್ಮ ಹೊಲ ಬಿಟ್ಟುಕೊಟ್ಟ ವರ್ಷ, ಹೊಲದ ಜೊತೆ ಕಣವೂ ಹೋಯಿತು, ಅದರ ಪಕ್ಕದಲ್ಲೇ ರಸ್ತೆ ಬಂತು. ಕಣದಲ್ಲಿ ಉಳಿದದ್ದು ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುತ್ತಿದ್ದ ರೋಣಗಲ್ಲು ಒಂದೇ. ರಸ್ತೆಗೆ ಡಾಂಬರು ಹಾಕುತ್ತಿದ್ದ ದಿನ ಅಲ್ಲಿನ ಸೂಪರ್‌ವೈಸರ್ ಬಂದು, ಸಂಜೆಯೊಳಗೆ ಕಲ್ಲು ತೆಗೆಯದಿದ್ದರೆ ಜೆಸಿಬಿಯಲ್ಲಿ ಗುಂಡಿಗೆ ತಳ್ಳಿ ಮಣ್ಣು ಮುಚ್ಚುತ್ತೇವೆ ಎಂದು ಹೇಳಿಹೋದ. ಎತ್ತುಗಳನ್ನು ಆಗಲೇ ಮಾರಿದ್ದೆವು. "ಹೊಲವೇ ಇಲ್ಲ, ಇನ್ ಕಲ್ಲು ಯಾಕವ್ವಾ? ಬುಟ್ಬುಡು" ಎಂದರು ಅಪ್ಪ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೊಲ ಬುಟ್ಟೋನು ನೀನು. ನಮ್ಮತ್ತೆ ಕಾಲದ ಕಲ್ಲ ನಾನು ಬುಡಾಕಿಲ್ಲ."

ಹಿಂದಿನ ವಾರದ ಮಳೆಗೆ ಕಲ್ಲು ಮಣ್ಣಿನಲ್ಲಿ ಹೂತಿತ್ತು. ಅಜ್ಜಿ, ಅಮ್ಮ, ನಾನು ಮೂವರೂ ಬಗ್ಗಿ ಅದಕ್ಕೆ ಕೈ ಹಚ್ಚಿದೆವು. ನಿಮಗೂ ನೆನಪಿರಬಹುದು, ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವಂತಿರಲಿಲ್ಲ, 'ಲಾಭ' ಅನ್ನಬೇಕಿತ್ತು. ಅಜ್ಜಿ ತಳ್ಳುವುದಕ್ಕೂ ಅದೇ ಲೆಕ್ಕ ಹಿಡಿದಳು. "ಲಾಭ!" ಎಂದು ಕೂಗಿ ನೂಕಿದಳು. ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿದ್ದ ನನಗೆ ಆ ವಾರವಷ್ಟೇ ಪಾಠವಾಗಿತ್ತು: ಕೆಲಸವೆಂದರೆ ಹಾಕಿದ ಬಲವನ್ನು ವಸ್ತು ಸರಿದ ದೂರದಿಂದ ಗುಣಿಸಿದ್ದು. "ಅಜ್ಜಿ, ಕಲ್ಲು ಸರೀದಿದ್ರೆ ಎಷ್ಟು ತಳ್ಳುದ್ರೂ ಕೆಲಸ ಸೊನ್ನೆಯಂತೆ" ಎಂದೆ. ಅಜ್ಜಿಗೆ ರೇಗಿಹೋಯಿತು. "ಯಾವನೇ ಅಂಗಂದೋನು? ನನ್ನ ಸೊಂಟ ಕೇಳು, ಸೊನ್ನೆಯೋ ಏನೋ ಅದೇ ಯೋಳ್ತೈತೆ! ಊಂ, ಎಲ್ಡು!"

ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದ ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಹಾರೆ ತಂದು ಕಲ್ಲಿನ ಬುಡಕ್ಕೆ ಕೊಟ್ಟು ಮೀಟಿದರು. ಕಲ್ಲು ಉರುಳಿತು. ಅಯ್ಯೋ, ಆ ಖುಷಿಯನ್ನು ಹೇಗೆ ಹೇಳಲಿ! ಮನೆಗೆ ಹೋಗಲು ರಸ್ತೆ ದಾಟಲೇಬೇಕಿತ್ತು. ನಾಲ್ವರೂ ಸೇರಿ ಹೊಗೆಯಾಡುವ ಡಾಂಬರಿನ ಮೇಲೇ ಅದನ್ನು ಹತ್ತಿಸಿದೆವು. ಸೂಪರ್‌ವೈಸರ್ ಓಡಿಬಂದು, "ಅಜ್ಜೀ, ರಸ್ತೆ ಹಾಳಾಗುತ್ತೆ!" ಎಂದು ಅಡ್ಡ ನಿಂತ. "ನಿನ್ ರೋಡ್ ರೋಲರ್ ಮಾಡೋದ್ನೇ ನಾನೂ ಮಾಡ್ತಿರೋದು ಕಣ್ಲಾ. ಅತ್ಲಾಗ್ ಸರ್ಕೋ!" ಎಂದಳು ಅಜ್ಜಿ. ಡಾಂಬರು ಹಾಕುತ್ತಿದ್ದ ಹೆಂಗಸರು ಬಾಂಡಲಿ ಕೆಳಗಿಟ್ಟು ನಕ್ಕುಬಿಟ್ಟರು. ಅವನು ಸರಿದುಕೊಂಡ.

ಅಂಗಳ ಸೇರಿದ ಕಲ್ಲು ಮತ್ತೆ ಯಾವ ರಾಗಿಯ ಮೇಲೂ ಉರುಳಲಿಲ್ಲ. ಮುದ್ದೆಗೆ ಅಂಗಡಿಯ ಹಿಟ್ಟು ಬಂತು. ಇವತ್ತು ಅಜ್ಜಿಯಿಲ್ಲ, ಅಪ್ಪನಿಲ್ಲ, ಆ ಮನೆಯೂ ಇಲ್ಲ. ಆದರೆ ಸೋತೆವು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬದುಕಿದ್ದಷ್ಟು ದಿನವೂ ಅಜ್ಜಿ ಸಂಜೆಯಾದರೆ ಆ ಕಲ್ಲಿನ ಮೇಲೆ ಕಾರ್ಖಾನೆಗೆ ಬೆನ್ನು ಹಾಕಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು. ಸೈರನ್ ಎಷ್ಟು ಕೂಗಿಕೊಂಡರೂ ಒಂದು ದಿನವೂ ತಿರುಗಿ ನೋಡಲಿಲ್ಲ.