ಆಟ ಮುಗಿಯುವ ತನಕ ನನ್ನ ಉಡಿಯಾಗ

ನನ್ನ ಸೊಸೆ ಕೌಶಲ್ಯಾ ನನ್ನ ಮಗ ಆತ್ಮಾರಾಮನಿಗಿಂತ ನಾಲ್ಕು ಬೆರಳು ಎತ್ತರ. ಇಬ್ಬರನ್ನೂ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನಾನೇ ಅಳೆದಿದ್ದೇನೆ. ಮದುವೆಯಲ್ಲಿ ಮಂದಿ ನಕ್ಕರು. “ಹುಡುಗನ ಕಾಲ ಕೆಳಗ ಒಂದು ಮಣಿ ಹಾಕ್ರಿ, ಇಲ್ಲಂದ್ರ ತಾಳಿ ಕೊರಳಿಗಿ ಎಟುಕಂಗಿಲ್ಲ” ಅಂದರು. ಮಣೆ ಬೇಕಾಗಲಿಲ್ಲ. ಆಕೆಯೇ ತಲೆ ಬಗ್ಗಿಸಿದಳು. ಅದಾದ ಮೇಲೆ ಇನ್ನೊಮ್ಮೆ ತಲೆ ಬಗ್ಗಿಸೋದರಲ್ಲಿದ್ದಳು. ಅದನ್ನೇ ಇಲ್ಲಿ ಬರೆಯುತ್ತೇನೆ.

ಕೌಶಲ್ಯಾ ಬಾಸ್ಕೆಟ್‌ಬಾಲ್ ಆಡಿ ಸಂಬಳ ತಂದಾಕೆ. ಆಕೆಯ ಅಪ್ಪ ನಾರಾಯಣಖೇಡದ ತಹಸೀಲಿನಲ್ಲಿ ಕಾರಕೂನ. ಹೈಸ್ಕೂಲಿಗೆಂದು ಮಗಳನ್ನು ಜಹೀರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿ ಇಟ್ಟಿದ್ದರು. ಅಲ್ಲಿಯ ಆಟದ ಟೀಚರಬಾಯಿ ಕಮ್ಮಾರನ ಕಡೆಯಿಂದ ಒಂದು ಕಬ್ಬಿಣದ ಬಳೆ ಮಾಡಿಸಿ ಕಂಬಕ್ಕೆ ಹೊಡೆಸಿದ್ದಳು. ಜಾಲರಿ ಇರಲಿಲ್ಲ. ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಅಂತ ದಿನಾ ಜಗಳ ಆಗುತ್ತಿತ್ತಂತೆ. ಆ ಜಗಳದಲ್ಲೇ ಆಕೆ ಕಲಿತಳು. ಹತ್ತೊಂಬತ್ತನೇ ವರ್ಷಕ್ಕೆ ರೈಲ್ವೆಯವರು ಆಟದ ಮೇಲೆ ನೌಕರಿ ಕೊಟ್ಟು ಸಿಕಂದರಾಬಾದಿಗೆ ಕರೆಸಿಕೊಂಡರು. ಆಫೀಸಿನಲ್ಲಿ ಗುಮಾಸ್ತೆ. ಆದರೆ ಮುಂಜಾನೆ ಎರಡು ತಾಸು, ಸಂಜೆ ಎರಡು ತಾಸು ಮೈದಾನ. ಆಟ ಬಿಟ್ಟರೆ ಆ ನೌಕರಿಗೆ ಅರ್ಥವೇ ಇಲ್ಲ.

ಎಪ್ಪತ್ನಾಲ್ಕರ ವೈಶಾಖದಲ್ಲಿ ಮದುವೆ ಆಯಿತು. ಆತ್ಮಾರಾಮ ತಾಂಡೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವಾತ. “ಆಟ ಬಿಡಂಗಿಲ್ಲ” ಅಂತ ಆಕೆ ಮೊದಲೇ ಹೇಳಿದ್ದಳು, ಇವನು ಹೂಂ ಅಂದಿದ್ದ. ಸೋಮವಾರ ನಸುಕಿನ ಗಾಡಿಗೆ ಹೋಗುವಳು, ಶನಿವಾರ ಸಂಜೆ ಬರುವಳು. ಬಂದ ದಿನ ಅಂಗಳದ ಫರಸಿ ಕಲ್ಲಿನ ಮೇಲೆ ಚೆಂಡು ಪುಟಿಸುವಳು. ಓಣಿಯ ಪೋಚಮ್ಮ ಒಂದು ದಿನ ಬಂದು ಮೆಲ್ಲಗೆ ಕೇಳಿದಳು:

“ಬಾಳಮ್ಮಾ, ನಿನ್ನ ಸೊಸಿ ಚಡ್ಡಿ ಹಾಕ್ಕೊಂಡು ಆಡ್ತಾಳಂತ, ಖರೇನಾ?”

“ಖರೇನೇ. ನಾನೇ ಒಗದು ಹಿತ್ತಲದಾಗ ಒಣ ಹಾಕೀನಿ. ಹೋಗಿ ನೋಡ್ಕೊಂಡು ಬಾ.”

ಆಕೆ ಹೋಗಿ ನೋಡಿಯೇ ಬಂದಳು. “ಅರಿವಿ ಭಾಳ ಗಟ್ಟಿ ಅದವ್ವ” ಅಂದಳು.

ಚಡ್ಡಿಯಿಂದ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ತಾಳಿ, ಬಳೆ, ಕಾಲುಂಗುರದಿಂದ. ಆ ಆಟದಲ್ಲಿ ಮೈಮೇಲೆ ಗಟ್ಟಿ ವಸ್ತು ಏನೂ ಇರಬಾರದು. ಎದುರಿನವರಿಗೆ ತಾಗುತ್ತದೆ, ತನಗೂ ತಾಗುತ್ತದೆ. ನಮ್ಮಲ್ಲಿ ಗಂಡ ಇರುವಾಕೆ ಅವನ್ನು ತೆಗೆಯುವಂತಿಲ್ಲ. ತೆಗೆಯುವುದು ಗಂಡ ಸತ್ತ ದಿನ, ಅದೂ ಬೇರೆಯವರು ತೆಗೆಯುತ್ತಾರೆ. ಅದಕ್ಕೆ ಕೌಶಲ್ಯಾ ಒಂದು ಉಪಾಯ ಮಾಡಿಕೊಂಡಿದ್ದಳು. ಕಾಲುಂಗುರ ಬೂಟಿನೊಳಗೆ. ತಾಳಿ ಬನಿಯನ್ನಿನೊಳಗೆ ಪಿನ್ ಹಚ್ಚಿ. ಬಳೆಗಳ ಮೇಲೆ ಹಳೇ ಧೋತರದ ಪಟ್ಟಿ ಬಿಗಿಯಾಗಿ ಸುತ್ತಿ. ಆ ಪಟ್ಟಿಗಳನ್ನು ಹರಿದು ಮಡಿಚಿ ಕೊಟ್ಟವಳು ನಾನೇ. ಬುದ್ಧಿವಂತಿಕೆ ಅಂದುಕೊಂಡಿದ್ದೆ. ಅದು ನನ್ನ ತಪ್ಪು.

ಭಾದ್ರಪದದ ಒಂದು ಬುಧವಾರ ಆಟದ ನಡುವೆ ಆಕೆ ಕೈ ಊರಿ ಬಿದ್ದಳು. ಪಟ್ಟಿಯೊಳಗೆ ಎಡಗೈಯ ಮೂರು ಬಳೆ ಒಡೆದು ಮಣಿಕಟ್ಟಿಗೆ ಇಳಿದವು. ನಾಲ್ಕು ಹೊಲಿಗೆ ಬಿದ್ದವು. “ಮುಂದಿನ ಪಂದ್ಯಕ್ಕೆ ಕೈ, ಕೊರಳು, ಕಾಲು ಖಾಲಿ ಇದ್ದರೇ ಒಳಗೆ ಬಿಡುತ್ತೇವೆ” ಅಂತ ಅಂಪೈರ್ ಹೇಳಿ ಕಳಿಸಿದ. ಮುಂದಿನ ಪಂದ್ಯ ರೈಲ್ವೆಯವರ ವರ್ಷದ ದೊಡ್ಡ ಪಂದ್ಯ. ಇಪ್ಪತ್ತನೇ ತಾರೀಖಿಗೆ ಆಕೆ ಹಾಜರಾಗಬೇಕು. ಇಲ್ಲದಿದ್ದರೆ ಆಕೆಯ ಜಾಗ ಬೇರೆ ಹುಡುಗಿಗೆ.

ಅದೇ ವಾರ ಆತ್ಮಾರಾಮ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಲಗಾಲಿನ ಗಿಣ್ಣು ಮುರಿದುಕೊಂಡು ಮಂಚ ಹಿಡಿದ.

ಸುದ್ದಿ ಬೊಮ್ರಾಸಪೇಟ್ ಮುಟ್ಟಿತು. ಅಲ್ಲಿ ನಮ್ಮ ಯಜಮಾನರ ಅಕ್ಕ ವಿಮಲಾಬಾಯಿ ಇರುತ್ತಾರೆ. ಯಜಮಾನರು ತೀರಿದ ಮೇಲೆ ನಮ್ಮ ಮನೆಯ ಮಾತೆಲ್ಲ ಅವರದೇ. ಯಾವ ಹೊಲ ಯಾರಿಗೆ ಪಾಲಿಗೆ ಕೊಡಬೇಕು, ಹುಡುಗನಿಗೆ ಯಾವಾಗ ಲಗ್ನ, ಎಲ್ಲ ಅವರು ಹೇಳಿದಂತೆ ಆಗಿತ್ತು. ಹದಿನೆಂಟನೇ ತಾರೀಖು ಬಸ್ಸಿಳಿದು ಬಂದರು. ಮೊಣಕೈ ತನಕ ಹಸಿರು ಬಳೆ, ಹಣೆ ತುಂಬ ಕುಂಕುಮ. ನೀರು ಕೂಡ ಮುಟ್ಟಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಕೌಶಲ್ಯಾಳ ಮುಂದೆ ಇಟ್ಟರು. ರಾಜೀನಾಮೆ. ಊರ ಮಾಸ್ತರರ ಕಡೆಯಿಂದ ಬರೆಸಿ ತಂದಿದ್ದರು.

“ಸಹಿ ಮಾಡು. ಬಳಿ ಒಡದದ, ಗಂಡನ ಕಾಲು ಮುರದದ. ಇನ್ನ ತಾಳಿ ತಗದಿಟ್ಟು ಹೋದ್ರ ಏನ್ ಉಳಿತದ?”

ಕೌಶಲ್ಯಾ ಗಂಡನ ಕಡೆ ನೋಡಿದಳು. ಅವನು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿದ. ಆಗ ಆಕೆ ಪೆನ್ನು ತೆಗೆದುಕೊಂಡು ಕಾಗದದ ಮೇಲೆ ತಲೆ ಬಗ್ಗಿಸಿದಳು.

ನಾನು ಬಾಗಿಲ ಬಳಿ ಜೋಳ ಹಸನ ಮಾಡುತ್ತಿದ್ದೆ. ಮೊರ ಕೆಳಗಿಟ್ಟೆ.

“ಅಕ್ಕಾ, ಆತ್ಮಾರಾಮ ಬಿದ್ದದ್ದು ಯಾವ ದಿನ್ರಿ?”

“ಈಗ್ಯಾಕ ಅದು? ಸೋಮವಾರ.”

“ಬಳಿ ಒಡದದ್ದು?”

“ಬುಧವಾರ.”

“ಮತ್ತ ಬುಧವಾರದ ಬಳಿಯಿಂದ ಸೋಮವಾರದ ಕಾಲು ಹ್ಯಾಂಗ ಮುರೀತ್ರಿ?”

ವಿಮಲಾಬಾಯಿ ಕಾಗದವನ್ನು ಇನ್ನಷ್ಟು ಮುಂದೆ ಸರಿಸಿದರು. “ದೇವರಿಗಿ ಮುಂದ ಆಗೋದು ಮೊದಲೇ ತಿಳಿತದ” ಅಂದರು.

“ತಿಳಿದ್ರ ಎರಡು ದಿನ ತಡೀಬೇಕಿತ್ತು, ಇಷ್ಟು ಗಡಿಬಿಡಿ ಯಾಕ ಮಾಡ್ತು?”

ಗೋಡೆ ಕಡೆ ತಿರುಗಿದ್ದ ಆತ್ಮಾರಾಮನ ಬೆನ್ನು ಅಲುಗಿತು. ನಗುತ್ತಿದ್ದ. ವಿಮಲಾಬಾಯಿಗೆ ಸಿಟ್ಟು ಬಂತು.

“ಬಾಳಮ್ಮಾ, ನೀ ಮಾತಾಡಬ್ಯಾಡ. ಮುತ್ತೈದಿಯರ ಮಾತಿನಾಗ ನಿನಗೇನು ಕೆಲಸ?”

ಆ ಮಾತು ಬರುತ್ತದೆಂದು, ಯಜಮಾನರು ತೀರಿದಂದಿನಿಂದ, ಹದಿನಾಲ್ಕು ವರ್ಷದಿಂದ ನನಗೆ ಗೊತ್ತಿತ್ತು. ಎದ್ದು ನಿಂತೆ.

“ಕೆಲಸ ಅದರಿ. ನಿಮ್ಮ ತಮ್ಮ ಸತ್ತ ದಿನ ನನ್ನ ಕೈಯಾಗ ಹದಿನೆಂಟು ಬಳಿ ಇದ್ದವು. ಬಲಗೈಯಾಗ ಒಂಬತ್ತು, ಎಡಗೈಯಾಗ ಒಂಬತ್ತು. ಕೊರಳಾಗ ತಾಳಿ, ಕಾಲಾಗ ನಾಲ್ಕು ಉಂಗುರ. ಮದುವಿ ಆದಾಗಿಂದ ಒಂದು ತಾಸು ತಗದಾಕಿ ಅಲ್ಲ ನಾನು. ಒಂದೂ ಬಳಿ ಬಿರಕ ಬಿಟ್ಟಿರಲಿಲ್ಲ. ಅದರಾಗ ಯಾವುದು ಅವರನ್ನ ಹಿಡದು ನಿಲ್ಲಿಸ್ತು, ಹೇಳ್ರಿ. ಹೇಳ್ರಿ, ಸೊಸಿ ಸಹಿ ಮಾಡ್ತಾಳ.”

ನಾನು ಸೆರಗು ಒಡ್ಡಿ ಕೌಶಲ್ಯಾಳ ಮುಂದೆ ಕೂತೆ. “ಕೊಡವ್ವ. ಆಟ ಮುಗಿಯೋ ತನಕ ನನ್ನ ಉಡಿಯಾಗ ಇರ್ಲಿ.”

ವಿಮಲಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. “ರಂಡಿಮುಂಡಿ ಕೈಯಾಗ ತಾಳಿ! ಆತ್ಮಾರಾಮ, ನಿನ್ನವ್ವಗ ಹುಚ್ಚು ಹಿಡದದ!”

ಆತ್ಮಾರಾಮ ಈ ಕಡೆ ತಿರುಗಿದ. “ಅತ್ತೀ, ಕಟ್ಟಿದಾಂವ ನಾನು” ಅಂದ. ಹೆಂಡತಿಗೆ, “ಅವ್ವನ ಕೈಯಾಗ ಕೊಡು” ಅಂದ. ಅಷ್ಟೇ ಅಂದ. ಮೊದಲೇ ಅನ್ನಬಹುದಿತ್ತು, ಆದರೂ ಅಂದ.

ತಾಳಿ, ಕಾಲುಂಗುರ ಬೇಗ ಬಂದವು. ಬಳೆ ಬರಲಿಲ್ಲ. ಮದುವೆಯಲ್ಲಿ ಬಳೆಗಾರ ಬಿಗಿಯಾಗಿ ಇಡಿಸಿದ್ದ. ಬಲಗೈಯಲ್ಲಿ ಒಂಬತ್ತು, ಹೊಲಿಗೆ ಹಾಕಿದ ಎಡಗೈಯಲ್ಲಿ ಉಳಿದ ಆರು. “ಒಡದು ತಗೀರಿ ಅತ್ತಿ, ಹಿಂಗ ಬರಂಗಿಲ್ಲ” ಅಂದಳು. ನಾನು ಒಪ್ಪಲಿಲ್ಲ. ಸಾಬೂನು ತಂದು, ಆಕೆಯ ಹೆಬ್ಬೆರಳು ಒಳಗೆ ಮಡಿಚಿ, ಒಂದೊಂದೇ ಜಾರಿಸಿದೆ. ಅರ್ಧ ತಾಸು ಹಿಡಿಯಿತು. ನನ್ನವನ್ನು ಕಲ್ಲಿಗೆ ಬಡಿದು ಒಡೆದಿದ್ದರು. ಇವಳ ಹದಿನೈದರಲ್ಲಿ ಒಂದನ್ನೂ ಒಡೆಯಗೊಡಲಿಲ್ಲ.

ವಿಮಲಾಬಾಯಿ ಸಂಜೆ ಬಸ್ಸಿಗೆ ಹೋದರು. “ಇನ್ನ ಈ ಮನಿ ಹೊಸ್ತಿಲ ತುಳಿಯಂಗಿಲ್ಲ” ಅಂದರು. “ನಿಮ್ಮ ಮರ್ಜಿ ಅಕ್ಕಾ” ಅಂದೆ. ರಾಜೀನಾಮೆ ಅಲ್ಲೇ ಬಿಟ್ಟು ಹೋಗಿದ್ದರು. ಅದರಿಂದ ಒಲೆ ಹೊತ್ತಿಸಿದೆ.

ಮಗನ ಊಟಕ್ಕೆ ಪೋಚಮ್ಮನಿಗೆ ಹೇಳಿ, ಇಪ್ಪತ್ತನೇ ತಾರೀಖು ನಾನೂ ಸೊಸೆಯ ಜೊತೆ ಗಾಡಿ ಹತ್ತಿದೆ. ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಬಹುದಿತ್ತು. ಉಡಿಯಲ್ಲಿ ಅಂದ ಮೇಲೆ ಉಡಿಯಲ್ಲೇ. ಮೈದಾನದಲ್ಲಿ ಬೆಂಚಿನ ಮೇಲೆ ಕೂತೆ. ಕೌಶಲ್ಯಾಳ ಜೊತೆ ಆಡುವವರಲ್ಲಿ ಇನ್ನೂ ಮೂವರು ಲಗ್ನ ಆದವರಿದ್ದರು. ಅವರೂ ಅಂಪೈರ್ ಮುಂದೆ ಪಟ್ಟಿ ಸುತ್ತಿದ ಕೈ ಹಿಡಿದು ನಿಂತಿದ್ದರು. ಆತ ತಲೆ ಅಲ್ಲಾಡಿಸಿದ. ಒಬ್ಬಾಕೆ ತೆಲುಗಿನವಳು, ಖಾಲಿ ಕೊರಳಿನ ಕೌಶಲ್ಯಾಳನ್ನು ನೋಡಿದಳು, ಆಮೇಲೆ ನನ್ನನ್ನು. ನನ್ನ ಬರಿ ಹಣೆ, ಬರಿ ಕೈ ಎಲ್ಲ ಕಾಣುತ್ತಿತ್ತು. ಹಿಂದೆ ಸರಿಯುತ್ತಾಳೆ ಅಂದುಕೊಂಡೆ. ಆಕೆ ಬಂದು ಬಗ್ಗಿ, “ಅಮ್ಮಾ, ನಾದಿ ಕೂಡಾ ಪೆಟ್ಟುಕೋಂಡಿ” ಅಂದಳು, ತನ್ನದನ್ನೂ ಇಟ್ಟುಕೊಳ್ಳಿರಿ ಅಂತ. ಆಕೆಯ ಹಿಂದೆ ಉಳಿದಿಬ್ಬರೂ ಬಂದರು.

ಒಬ್ಬರದು ಇನ್ನೊಬ್ಬರದರಲ್ಲಿ ಕಲೆಯಬಾರದೆಂದು ನಾಲ್ಕು ಬೇರೆ ಬೇರೆ ಗಂಟು ಕಟ್ಟಿದೆ. ಸೀಟಿ ಊದಿದರು. ನನಗೆ ಆಟ ತಿಳಿಯುತ್ತಿರಲಿಲ್ಲ, ಚೆಂಡು ಎಷ್ಟು ಸಲ ಒಳಗೆ ಹೋಯಿತು ಅಂತ ಮಾತ್ರ ಎಣಿಸುತ್ತಿದ್ದೆ. ಕೌಶಲ್ಯಾಳ ಕೈಯಿಂದ ಒಂಬತ್ತು ಸಲ ಹೋಯಿತು. ಆದರೂ ಮೂರು ಪಾಯಿಂಟಿನಿಂದ ಸೋತರು. ಬೆವರು ಸುರಿಸುತ್ತ ಬಂದು, “ಸೋತೆವು ಅತ್ತಿ” ಅಂದಳು. “ಆಡಿದಿ, ಹೌದಿಲ್ಲೋ?” ಅಂದೆ.

ಎಂಬತ್ನಾಲ್ಕರಲ್ಲಿ ಮೊಣಕಾಲು ಕೈಕೊಡುವ ತನಕ ಆಡಿದಳು. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಹೋದಲ್ಲೆಲ್ಲ ನಾನು ಹೋಗಲಿಲ್ಲ, ಆದರೆ ಸಿಕಂದರಾಬಾದಿನ ಪಂದ್ಯ ಒಂದೂ ಬಿಡಲಿಲ್ಲ. ಒಂದು ವರ್ಷ ಏಳು ಗಂಟು ಆಗಿದ್ದವು. ಅವರೆಲ್ಲರ ಗಂಡಂದಿರೂ ಇವತ್ತಿಗೆ ಬದುಕಿದ್ದಾರೆ. ಒಬ್ಬನಿಗೆ ಸಕ್ಕರೆ ಬ್ಯಾನಿ ಅದ, ಅದು ಅವನು ತಿಂದದ್ದಕ್ಕೆ.