ದೇವರಕೋಣೆಯ ಹಸಿ ಗೋಡೆ

ಮುನಿಯಪ್ಪಣ್ಣ, ಗೋಡೆ ಒಣಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ—ಆರು ವರ್ಷದಿಂದ ಆ ಸುಳ್ಳಿನ ಮೇಲೇ ಸಂಸಾರ ಮಾಡುತ್ತಿದ್ದೇನೆ.

ಕ್ಯಾಸಂಬಳ್ಳಿಯ ನಮ್ಮ ಮನೆಗೆ ನೀನೇ ಮೇಸ್ತ್ರಿ. ಗಾರೆ ಮುಗಿದ ಮೇಲೆ ತಾರಸಿಯ ಪೈಪು ಬಿರುಕು ಬಿಟ್ಟು, ದೇವರಕೋಣೆಯ ಗೋಡೆ ಬುಡದವರೆಗೂ ನೆನೆದುಹೋಯಿತು. ನೀನು ಪೈಪು ಸರಿಮಾಡಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಗೋಡೆಗೆ ಮುಖಮಾಡಿ ಫ್ಯಾನು ನಿಲ್ಲಿಸಿದೆ. ಆಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಗೋಡೆಗೆ ಅಂಟಿಸಿದೆ. ಹಾಳೆಯ ಒಳಗೆ ನೀರಹನಿ ಕಂಡರೆ ಗೋಡೆ ಇನ್ನೂ ಹಸಿ. ದಿನಾ ಬೆಳಿಗ್ಗೆ ನೀನು ಬಂದು ನೋಡುತ್ತಿದ್ದೆ.

“ಇನ್ನಾ ನೀರು ಬಿಡ್ತೈತೆ ಕಣಮ್ಮಾ. ಈಗ ಬಣ್ಣ ಒಡುದ್ರೆ ಎಲ್ಲಾ ಎದ್ದೋಯ್ತದೆ. ಆಷಾಢ ಕಳೀಲಿ, ಶ್ರಾವಣದಾಗೆ ಆಲುಕ್ಕಿಸು.”

ಶ್ರಾವಣ! ಹೇಳುವುದು ಸುಲಭ. ಹನ್ನೊಂದು ವರ್ಷ ಓರಗಿತ್ತಿಯ ಅಡುಗೆಮನೆಯಲ್ಲಿ, ಅವಳು ಬಿಟ್ಟುಕೊಟ್ಟ ಮೂಲೆಯಲ್ಲಿ ಮುದ್ದೆ ತೊಳಸಿದವಳು ನಾನು. ಆಷಾಢ ಹುಟ್ಟುವ ಮೊದಲು ಗೃಹಪ್ರವೇಶವಾಗಿ ನನ್ನ ಒಲೆಯ ಮೇಲೆ ಹಾಲು ಉಕ್ಕಲೇಬೇಕಿತ್ತು. ಹಾಗೆ ಬಯಸಿದ್ದಕ್ಕೆ ಇವತ್ತಿಗೂ ನಾಚಿಕೆಪಡುವುದಿಲ್ಲ—ಯಾರು ಏನಾದರೂ ಅಂದುಕೊಳ್ಳಲಿ.

ಎರಡು ದಿನ, ನೀನು ಬರುವ ಮುಂಚೆಯೇ, ನಾನು ಹಾಳೆ ಬಿಡಿಸಿ ಸೆರಗಿನಿಂದ ನೀರು ಒರೆಸಿ ಮತ್ತೆ ಅಂಟಿಸಿದೆ. “ಒಣಗೈತೆ ಕಣಣ್ಣ, ನೀನೇ ನೋಡು” ಅಂದೆ. ನೀನು ಹಾಳೆ ನೋಡಿದೆ, ನನ್ನ ಮುಖವನ್ನೂ ಒಮ್ಮೆ ನೋಡಿದೆ. ಅನುಮಾನ ಬಂದಿತ್ತೋ ಏನೋ. ಆದರೂ ನೀನೇ ಬಣ್ಣದವರನ್ನು ಕರೆಸಿದೆ.

ಹಾಲು ಉಕ್ಕಿತು. ದೀಪಾವಳಿಯ ಹೊತ್ತಿಗೆ ಗೋಡೆಯೂ ಉಬ್ಬಿ ಬಣ್ಣವೆಲ್ಲ ಉದುರಿತು. “ಮೇಸ್ತ್ರಿ ಸಿಮೆಂಟು ಕದ್ದವ್ನೆ” ಅಂದರು ನೆಂಟರು. ನನ್ನ ಗಂಡನೂ ಅಂದ. ಎಲ್ಲರಿಗೂ ಕಾಫಿ ಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ. ಆಮೇಲೆ ನಮ್ಮೂರಲ್ಲಿ ನಿನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮೇಸ್ತ್ರಿಯಾಗಿದ್ದ ನೀನು ಬಂಗಾರಪೇಟೆಯಲ್ಲಿ ಇನ್ನೊಬ್ಬರ ಕೈಕೆಳಗೆ ಕರಣೆ ಹಿಡಿದೆ ಎಂದು ಕೇಳಿದೆ—ಕೇಳಿಯೂ ಊಟ ಮಾಡಿದೆ, ನಿದ್ದೆ ಮಾಡಿದೆ.

ಈಗ ಓರಗಿತ್ತಿಯೂ ಮನೆ ಕಟ್ಟಿಸಲು ಹೊರಟಿದ್ದಾಳೆ. “ಯಾರ್ನಾದ್ರೂ ಕರೀತೀನಿ, ಆ ಕಳ್ಳ ಮುನಿಯಪ್ಪನ್ನ ಮಾತ್ರ ಬ್ಯಾಡ” ಎಂದು ಮೊನ್ನೆ ನನ್ನೆದುರೇ ಅಂದಳು. ಆಗಲೂ ನಾನು—

ಸಾಕು. ನಾಳೆ ಬೆಳಿಗ್ಗೆ ಡೈರಿಯ ಮುಂದೆ ಹಾಲು ಹಾಕಲು ಊರೆಲ್ಲ ಸೇರಿರುತ್ತದೆ, ಅವಳೂ ಇರುತ್ತಾಳೆ. ನಿನ್ನ ಕ್ಷಮೆ ಕೇಳುವುದಿಲ್ಲ ಅಣ್ಣ, ಕೇಳುವ ಮುಖವಿಲ್ಲ. ಯಾರ ಮುಂದೆ ತಲೆಯೆತ್ತಿ ನಿಲ್ಲಬೇಕೆಂದು ಇಷ್ಟೆಲ್ಲ ಮಾಡಿದೆನೋ, ಅವಳ ಮುಂದೆಯೇ ನಿಂತು ಹೇಳುತ್ತೇನೆ: ಕಳ್ಳಿ ನಾನು.