ಕ್ಯಾರಿಯರ್ ಮೇಲಿನ ಯಜಮಾನರು

ನಮ್ಮ ಸೀಮೆಯ ನೆಲ ಸಪಾಟು ಎಂದು ಯಾರಾದರೂ ಹೇಳಿದರೆ, ಅವರು ಸೈಕಲ್ ತುಳಿದವರಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮುಳಬಾಗಿಲಿನಿಂದ ಪಾಲಾರಿನ ಬಯಲಿಗೆ ಹೋಗುವ ಏಳು ಮೈಲಿಯಲ್ಲಿ ಬಸ್ಸಿನವರ ಕಣ್ಣಿಗೆ ಒಂದು ಏರೂ ಬೀಳುವುದಿಲ್ಲ. ನನಗೆ ಹನ್ನೊಂದು ಕಂಡಿವೆ. ಹೋಗುವಾಗ ಹನ್ನೊಂದು, ಬರುವಾಗಲೂ ಹನ್ನೊಂದು. ಹಾಗಾದರೆ ಇಳಿಜಾರುಗಳೆಲ್ಲ ಎಲ್ಲಿಗೆ ಹೋದವು ಎಂದು ನೀವು ಕೇಳಬಹುದು. ನನಗೂ ತಿಳಿಯದು. ಹಿಂದೆ ಗಂಡನನ್ನು ಕೂರಿಸಿಕೊಂಡು ತುಳಿಯುವವಳಿಗೆ ಭೂಗೋಳ ಸ್ವಲ್ಪ ಬೇರೆಯಾಗಿಯೇ ಇರುತ್ತದೆ.

ಹೌದು, ನೀವು ತಪ್ಪಾಗಿ ಓದಲಿಲ್ಲ. ತುಳಿಯುತ್ತಿದ್ದವಳು ನಾನು, ಕೂತಿದ್ದವರು ನಮ್ಮ ಯಜಮಾನರು. ಅವರ ಹೆಸರು ಹೇಳುವ ರೂಢಿ ನನಗಿಲ್ಲ. ಹೆಸರು ಹೇಳಲು ನಾಚುವವಳು ಊರೂರಿಗೆ ಹೊತ್ತುಕೊಂಡು ಹೋಗಲು ನಾಚಲಿಲ್ಲವೇ ಎಂದು ಅಣಕಿಸಬೇಡಿ. ಅಣಕಿಸುವವರೆಲ್ಲ ಆಗಲೇ ಅಣಕಿಸಿ ಮುಗಿಸಿದ್ದಾರೆ.

ಆಗ ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಅಂದರೆ ಬಹುಪಾಲು ನಿಂತಿರುತ್ತಿದ್ದವು. ನಮ್ಮವರು ಪಾಲಾರಿನ ದಡದ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಆ ಶಾಲೆಗೆ ಅವರೊಬ್ಬರೇ ಉಪಾಧ್ಯಾಯರು. ಹಳ್ಳಿಯಲ್ಲಿ ನಮಗೆ ಮನೆ ಸಿಗದ ಕಾರಣ ದಿನವೂ ಮುಳಬಾಗಿಲಿನಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಅವರಿಗೆ ಹಳೆಯ ಕಲ್ಲುಗಳ ಹುಚ್ಚು. ನಮ್ಮ ದಾರಿಗಳಲ್ಲಿ ಆ ಹುಚ್ಚಿಗೆ ಬೇಕಾದಷ್ಟು ಮೇವಿದೆ: ಹುಣಸೆ ಮರದ ಕೆಳಗೊಂದು ಶಾಸನ, ಕೆರೆಯ ಏರಿಯ ಮೇಲೊಂದು ವೀರಗಲ್ಲು, ಎಡಗಡೆ ನೋಡಿದರೆ ಗುಡಿಗಳನ್ನು ಹೊತ್ತ ಆವನಿಯ ಬೆಟ್ಟ. ಒಂದು ದಿನ ಪೊದೆಯಿಂದ ಹೊಸದಾಗಿ ತಲೆಯೆತ್ತಿದ ವೀರಗಲ್ಲೊಂದು ಕಣ್ಣಿಗೆ ಬಿತ್ತು. ಕಲ್ಲಿನ ಮೇಲಿನ ವೀರ ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತಿದ್ದ. ಅವನನ್ನು ನೋಡುತ್ತ ನಮ್ಮವರು ಸೈಕಲ್ ಸಮೇತ ಮೋರಿಗೆ ಬಿದ್ದರು.

ಮೂಳೆ ಕಟ್ಟುವವರು ಮುರಿದ ಕಾಲಿನ ಮೂಳೆ ಕೂಡಿಸಿದರು. ಮಂಡಿ ಬಗ್ಗುವುದಕ್ಕೆ ಮಾತ್ರ ತಿಂಗಳುಗಳೇ ಹಿಡಿಯಬಹುದು ಎಂದರು. ದಸರೆಯ ಹೊತ್ತಿಗೆ ಇವರ ರಜೆಯೆಲ್ಲ ತೀರಿತು. ಆಗ ಮೇಲಿನ ಕಚೇರಿಯಿಂದ ಕಾಗದ ಬಂತು: ತಿಂಗಳ ಕೊನೆಯೊಳಗೆ ಕೆಲಸಕ್ಕೆ ಹಾಜರಾಗದಿದ್ದರೆ ಆ ಶಾಲೆಯನ್ನು ಮುಚ್ಚಿ ಹೊಳೆಯ ಎದುರು ದಡದ ಊರಿನ ಶಾಲೆಗೆ ಸೇರಿಸಲಾಗುವುದು. ಇವರು ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಹದಿನಾರು ವರ್ಷ ಒಂದು ದಿನವೂ ತಡವಾಗಿ ಶಾಲೆಗೆ ಹೋಗದ ಮನುಷ್ಯ. ಆ ಬೆನ್ನು ನೋಡಿದಾಗಲೇ ನಾನು ನಿರ್ಧಾರ ಮಾಡಿದೆ.

ಮೋರಿಗೆ ಬಿದ್ದ ಸೈಕಲ್ ಬಾಷಾ ಸಾಬರ ಅಂಗಡಿಯಲ್ಲಿ ಮಲಗಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅವರಿಗೆ ಅರವತ್ತು ದಾಟಿತ್ತು. ನಾನು ಸೈಕಲ್ ಕಲಿಯಬೇಕೆಂದದ್ದು ಕೇಳಿ ಅವರು ನಗಲಿಲ್ಲ. ಗಡ್ಡ ಸವರಿಕೊಂಡು ಯೋಚಿಸಿದರು.

"ಅಮ್ಮಾ, ಇದು ಗಂಡಸರ ಸೈಕಲ್ಲು. ಸೀರೆಗೆ ಈ ಮೇಲಿನ ಕಂಬಿ ಅಡ್ಡ ಬರ್ತದೆ. ಚಿನ್ನದ ಗಣಿ ಕಡೆ ಒಬ್ಬ ಬಿಳಿ ದೊರೆಸಾನಿ ಬಿಟ್ಟುಹೋದ ಲೇಡೀಸ್ ಸೈಕಲ್ ಐತೆ. ಅದನ್ನ ತಗೊಂಡು ಇದನ್ನ ಇಲ್ಲೇ ಬಿಡಿ. ಬೆಳಗಿನ ಫಜರ್ ನಮಾಜ್ ಮುಗಿಸ್ಕೊಂಡು ಕೆರೆ ಅಂಗಳಕ್ಕೆ ಬರ್ತೀನಿ, ಕಲಿಸಿಕೊಡ್ತೀನಿ."

ಮನೆಯಲ್ಲಿ ನಾವು ಮೂವರೇ: ನಾವಿಬ್ಬರು ಮತ್ತು ನಮ್ಮ ಅತ್ತೆ. ವಿಷಯ ತಿಳಿದು ಅತ್ತೆ ಹಣೆ ಚಚ್ಚಿಕೊಂಡರು. "ಗಂಡನ್ನ ಹಿಂದೆ ಕೂರಿಸ್ಕೊಂಡು ಹೋಗೋ ಹೆಂಗಸನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣೇ ರುಕ್ಕು! ಬೀದಿಯೋರು ಏನಂತಾರೆ?" ಎಂದರು. ಆಮೇಲೆ ಒಳಗೆ ಹೋಗಿ, ಹೊರಗೆ ಬಂದು, "ಬೀಳೋದೇ ಆದ್ರೆ ಹಳೇ ಸೀರೆ ಉಟ್ಕೊಂಡು ಬೀಳು," ಎಂದರು. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಹದಿನೆಂಟು ಮೊಳದ ಹಳೇ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಒಂಬತ್ತು ಬೆಳಗು ಬಿದ್ದೆ. ಒಣಗಿದ ಕೆರೆಯ ಮಣ್ಣು ದೂರದಿಂದ ಮೆತ್ತಗೆ ಕಾಣುತ್ತದೆ, ಅಷ್ಟೇ. "ಹ್ಯಾಂಡಲ್ ನೋಡಬ್ಯಾಡಿ ಅಮ್ಮಾ, ಮುಂದೆ ನೋಡಿ! ಹ್ಯಾಂಡಲ್ ಎಲ್ಲೂ ಓಡಿಹೋಗಲ್ಲ!" ಎಂದು ಕೂಗುತ್ತ ಸಾಬರು ಹಿಂದೆ ಓಡಿಬರುತ್ತಿದ್ದರು. ಹತ್ತನೆಯ ದಿನ ಸೈಕಲ್ ನಾನು ಹೇಳಿದ ಕಡೆ ಹೋಯಿತು. ಆಗ ಅವರು ಕ್ಯಾರಿಯರಿಗೆ ಮರಳಿನ ಮೂಟೆಯೊಂದನ್ನು ಬಿಗಿದು, "ಈಗ ತುಳೀರಿ. ಇದೇ ಮೇಷ್ಟ್ರು ಅಂದ್ಕೊಳ್ಳಿ," ಎಂದರು. ಮೂಟೆಯೊಂದಿಗೆ ನನಗೆ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಕೊಟ್ಟವರು ಮೇಷ್ಟ್ರೇ.

"ನಾನೇನು ಮೂಟೆಯೇನೆ?" ಎಂದು ಕೇಳಿದರು. "ಶಾಲೆ ಹೋದ್ರೆ ಹೋಗ್ಲಿ. ಹೆಂಡ್ತಿ ಬೆನ್ನ ಹಿಂದೆ ಕೂತು ನಾನು ಬರಲ್ಲ."

ಮೂರು ದಿನ ನಮ್ಮಿಬ್ಬರಿಗೂ ಮಾತಿಲ್ಲ. ತಿಂಗಳ ಕೊನೆಗೆ ಒಂದೇ ವಾರ ಉಳಿದಿತ್ತು. ಸೋಮವಾರ ಬೆಳಿಗ್ಗೆ ಗೂಟಕ್ಕೆ ನೇತುಹಾಕಿದ್ದ ಶಾಲೆಯ ಬೀಗದ ಕೈ ತೆಗೆದುಕೊಂಡು ನಾನೊಬ್ಬಳೇ ಹೊರಟೆ.

ಆ ದಾರಿಯಲ್ಲಿ ಒಬ್ಬಳೇ ಹೋದದ್ದು ಅದೇ ಮೊದಲು. ನರಸಿಂಹತೀರ್ಥ ದಾಟಿದ ಮೇಲೆ ಸೈಕಲ್ಲಿನ ಸರಪಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎರಡೂ ಕಡೆ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಪಾಲಾರಿನಲ್ಲಿ ನೀರಿರಲಿಲ್ಲ, ಬರೀ ಮರಳು. ಸೈಕಲ್ ತಳ್ಳಿಕೊಂಡು ದಾಟಿದೆ. ಹಳ್ಳಿ ತಲುಪಿದಾಗ ನಗು ತಡೆಯಲಾಗಲಿಲ್ಲ. ಯಾರೂ ಸಹಾಯ ಮಾಡದೆ ಏಳು ಮೈಲಿ ಬಂದಿದ್ದೆ.

ಶಾಲೆಯ ಬಾಗಿಲು ತೆರೆದದ್ದು ನೋಡಿ ಹತ್ತೊಂಬತ್ತು ಮಕ್ಕಳು ಬಂದರು. ಅವರ ಹಿಂದೆ ಪಕ್ಕದ ಮನೆಯ ನಾಗಮ್ಮ ಬಂದಳು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವಳು; ಮನೆಮಾತು ತೆಲುಗು. "ಅಯ್ಯವಾರು ರಾಲೇದಾ ಅಮ್ಮಾ?" ಎಂದು ಕೇಳಿದಳು. ಮೇಷ್ಟ್ರು ಬರಲಿಲ್ಲ ಎಂದೆ. "ಇನ್ನೊಂದ್ ವಾರ ನೋಡ್ತೀವಮ್ಮಾ. ಆಮೇಲೆ ನಮ್ಮ ಮಕ್ಕಳು ಪಿಲ್ಲೋಳ್ನ ಕುರಿ ಹಿಂದೆ ಕಳಿಸ್ತೀವಿ. ಹೊಳೆ ದಾಟಿ ಯಾರು ಕಳಿಸ್ತಾರೆ?" ಎಂದಳು.

ಸಂಜೆ ಮನೆಗೆ ಬಂದು ಇವರಿಗೆ ಕೇಳಿಸುವ ಹಾಗೆ ಅತ್ತೆಗೆ ಹೇಳಿದೆ: "ಮಕ್ಕಳ ಕೈಲಿ ಮಗ್ಗಿ ಹೇಳಿಸಿದೆ ಅತ್ತೆ. ಹದಿಮೂರನೇ ಮಗ್ಗೀನ ಎಲ್ಲಾರೂ ತಪ್ಪು ಹೇಳಿದ್ರು. ನನಗೂ ಸರಿ ಗೊತ್ತಿರಲಿಲ್ಲ, ಹಾಗೇ ಬಿಟ್ಟೆ."

ಮೂರು ದಿನದ ಮೌನ ಅಲ್ಲಿಗೆ ಮುರಿಯಿತು. "ಬಿಟ್ಟೆಯಾ? ತಪ್ಪು ಮಗ್ಗೀನ ಹಾಗೇ ಬಿಟ್ಟು ಬಂದೆಯಾ?" ಎಂದು ಇವರು ಎದ್ದು ಕೂತರು. ಮಾರನೆಯ ದಿನ ನಾನು ಏಳುವ ಮೊದಲೇ ಕೋಟು ಪೇಟ ಧರಿಸಿ, ಕೋಲೂರಿಕೊಂಡು ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದರು. ಹದಿಮೂರರ ಮಗ್ಗಿ ನನಗೆ ಚೆನ್ನಾಗಿಯೇ ಬರುತ್ತದೆ ಎಂಬುದನ್ನು ಇಂದಿನವರೆಗೂ ಅವರಿಗೆ ಹೇಳಿಲ್ಲ.

ಮೊದಲ ದಿನ ನಾಗಮ್ಮ ನಮ್ಮನ್ನು ಕಂಡು, ಅಮ್ಮನವರು ಮೇಷ್ಟ್ರನ್ನು ಹೊತ್ತು ತಂದಿದ್ದಾರೆ ಎಂದು ತೆಲುಗಿನಲ್ಲಿ ಊರಿಗೆಲ್ಲ ಕೇಳುವಂತೆ ಸಾರಿದಳು. ಇವರ ಕಿವಿ ಕೆಂಪಾಯಿತು. ವಾರದ ನಂತರ ಅದು ಯಾರಿಗೂ ಸುದ್ದಿಯಾಗಿರಲಿಲ್ಲ. ಜನ ಬೆರಗಾಗುವುದಕ್ಕೂ ಒಂದು ಮಿತಿಯಿದೆ. ಬೆಳೆ ಕೊಯ್ಲಿಗೆ ಬಂದಾಗ ನಮ್ಮನ್ನು ನೋಡುತ್ತ ನಿಲ್ಲಲು ಯಾರಿಗೆ ಪುರುಸೊತ್ತು? ನಾನು ಸಂಜೆಯವರೆಗೆ ನಾಗಮ್ಮನ ಜೊತೆ ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದೆ, ಆಮೇಲೆ ಹನ್ನೊಂದು ಏರು ಹತ್ತಿ ಮನೆಗೆ. ಹಿಂದಿನಿಂದ ಇವರ ಪಾಠ ನಡೆದೇ ಇರುತ್ತಿತ್ತು: ಈ ಕೆರೆ ಕಟ್ಟಿಸಿದವರು ಯಾರು, ಆ ಗುಡಿಯ ಕಂಬ ಯಾವ ಕಾಲದ್ದು. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಆಡದಷ್ಟು ಮಾತನ್ನು ಆ ಚಳಿಗಾಲದಲ್ಲಿ ಆಡಿದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರುತ್ತಿರಲಿಲ್ಲ. ಗಂಡಸರಿಗೆ ಅದೂ ಒಂದು ಅನುಕೂಲ.

ಯುಗಾದಿಗೆ ಇನ್ನು ವಾರವಿತ್ತು. ಒಂದು ಮಧ್ಯಾಹ್ನ ನಾಗಮ್ಮನ ಹಿತ್ತಲಲ್ಲಿ ನಿಂತಿದ್ದೆ. ಶಾಲೆಯೊಳಗಿನಿಂದ ಒಂದು ಮೇಕೆ ಬಾಯಲ್ಲಿ ಹಾಜರಿ ಪುಸ್ತಕ ಕಚ್ಚಿಕೊಂಡು ಓಡಿಬಂತು. ಅದರ ಹಿಂದೆ ನಮ್ಮ ಯಜಮಾನರು. ಕೋಲಿರಲಿಲ್ಲ. ಪೇಟವೂ ಇರಲಿಲ್ಲ. ಮೊಣಕಾಲೆತ್ತರದ ಕಲ್ಲುಗೋಡೆಯನ್ನು ಒಂದೇ ನೆಗೆತಕ್ಕೆ ದಾಟಿ, ಹೊಲದಲ್ಲಿ ಮೇಕೆಯ ಕೊಂಬು ಹಿಡಿದು ಪುಸ್ತಕ ಕಿತ್ತುಕೊಂಡರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಅವರ ಕಣ್ಣಿಗೆ ಬೀಳದಂತೆ ಸೊಪ್ಪಿನ ಬುಟ್ಟಿಯ ಹಿಂದೆ ಕೂತೆ.

ಸಂಜೆ ಕೋಲೂರಿಕೊಂಡು ಕುಂಟುತ್ತ ಬಂದು ಕ್ಯಾರಿಯರ್ ಮೇಲೆ ಕೂತರು. ನಾನು ಹೊಳೆಯ ಮರಳಿನಲ್ಲಿ ಸೈಕಲ್ ತಳ್ಳಿ, ಆಚೆಯ ಮೊದಲ ಏರಿನವರೆಗೆ ತುಳಿದು, ನಿಲ್ಲಿಸಿದೆ.

"ಇಳೀರಿ."

"ಯಾಕೆ? ಪಂಚರ್ ಆಯ್ತೇನೆ?"

"ಮೇಕೆ ಹಿಂದೆ ಓಡಿದ ಕಾಲಿಗೆ ಏರು ಹತ್ತೋಕೆ ಬರುತ್ತಲ್ವಾ?"

ಅವರು ಇಳಿದರು. ಕೋಲನ್ನು ಕ್ಯಾರಿಯರಿಗೆ ಸಿಕ್ಕಿಸಿದರು. "ಸಂಕ್ರಾಂತಿ ಹೊತ್ತಿಗೇ ಸರಿಹೋಗಿತ್ತು," ಎಂದರು.

ಸಂಕ್ರಾಂತಿ! ಎರಡು ತಿಂಗಳು! ದಿನಕ್ಕೆ ಇಪ್ಪತ್ತೆರಡು ಏರು! ಕಣ್ಣಲ್ಲಿ ನೀರು ಬಂತು, ಕೋಪಕ್ಕೆ. "ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮನೇಲಿ ಉಳ್ಕೋತಿದ್ದೆ," ಎಂದರು.

ನಾನು ಹ್ಯಾಂಡಲ್ ಅವರ ಕೈಗೆ ಕೊಟ್ಟೆ. ಆ ಏರನ್ನೂ, ಅದರ ಮುಂದಿನ ಏರುಗಳನ್ನೂ ಇವರು ಸೈಕಲ್ ತಳ್ಳಿಕೊಂಡು ಹತ್ತಿದರು, ನಾನು ಕೈ ಬೀಸಿಕೊಂಡು ಪಕ್ಕದಲ್ಲಿ ನಡೆದೆ. ಮನೆ ಬಂದಾಗ, "ನಾಳೆಯಿಂದ ನೀವೇ ತುಳೀರಿ. ನಾನು ಹಿಂದೆ ಕೂತು ಬರ್ತೀನಿ," ಎಂದು ಖಡಾಖಂಡಿತವಾಗಿ ಹೇಳಿದೆ. ಅವರು ತಲೆಯಾಡಿಸಿದರು. ನ್ಯಾಯ ನನ್ನ ಕಡೆಗಿತ್ತು.

ಬೆಳಿಗ್ಗೆ ಇವರು ಸೀಟಿನ ಮೇಲೆ ಕೂತು, ಒಂದು ಕಾಲು ನೆಲಕ್ಕೂರಿ ಕಾದರು. ನಾನು ಸೆರಗು ಸಿಕ್ಕಿಸಿಕೊಂಡು, ಮಹಾರಾಣಿಯ ಹಾಗೆ ಕ್ಯಾರಿಯರ್ ಮೇಲೆ ಕೂತೆ. ರಂಗೋಲಿ ಹಾಕುತ್ತಿದ್ದ ಅತ್ತೆ ತಲೆಯೆತ್ತಿ ನಮ್ಮನ್ನು ನೋಡಿದರು. ಅವರ ಮುಖದಲ್ಲಿ ಗಾಬರಿ ಮೂಡಿತು. ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು ಓಡಿಬಂದು ನನ್ನ ಹಣೆ ಮುಟ್ಟಿದರು.

"ಯಾಕೆ ರುಕ್ಕು, ನೀನು ಹಿಂದೆ ಕೂತಿದೀಯ? ಹುಷಾರಿಲ್ವೇನೆ?"

"ಹುಷಾರಾಗೇ ಇದೀನಿ ಅತ್ತೆ," ಎಂದು ನಾನು ಕೆಳಗಿಳಿದು ಹ್ಯಾಂಡಲ್ ಹಿಡಿದೆ. ಇವರು ಸೀಟು ಬಿಟ್ಟುಕೊಟ್ಟು ಹಿಂದಕ್ಕೆ ಹೋದರು.